ಐರಿಸ್: ಎಲೆ ಸೊಂಪಾಗಿದೆ, ಹೂ ಮಾತ್ರ ನಾಪತ್ತೆ. ಎಲ್ಲಿ ತಪ್ಪಿದೆ?

ಹಿತ್ತಲಗಿಡ ಬರೆದದ್ದು:

ಎಲ್ಲರಿಗೂ ನಮಸ್ಕಾರ. ಯೋಚಿಸಿ ಯೋಚಿಸಿ ತಲೆ ಕೆಟ್ಟು ಇಲ್ಲಿ ಕೇಳುತ್ತಿದ್ದೇನೆ.

ಐದು ವರ್ಷದ ಹಿಂದೆ ಗೆಳತಿಯೊಬ್ಬಳು ಐರಿಸ್ ಗೆಡ್ಡೆ ಕೊಟ್ಟಳು, ಐದು ತುಂಡು. ನೇರಳೆ ಹೂವಿನದು, ಕೆಳಕ್ಕೆ ಬಾಗಿದ ಎಸಳಿನ ಮೇಲೆ ಹಳದಿ ಗಡ್ಡದ ಹಾಗೆ ರೋಮ ಇರುವ ಜಾತಿ. ಮೊದಲ ವರ್ಷ ಒಂದೇ ಹೂದಂಟು ಬಂತು. ಎರಡನೇ ವರ್ಷ ನಾಲ್ಕು. ಮೂರನೇ ವರ್ಷ ಹನ್ನೊಂದು! ಎಣಿಸಿ ಬರೆದಿಟ್ಟಿದ್ದೇನೆ, ಅಷ್ಟು ಖುಷಿಯಾಗಿತ್ತು. ನಾಲ್ಕನೇ ವರ್ಷ ಎರಡು. ಈ ವರ್ಷ ಸೊನ್ನೆ. ಮೇ ಪೂರ್ತಿ ದಿನಾ ಬೆಳಿಗ್ಗೆ ಹೋಗಿ ನೋಡಿದ್ದೇ ಬಂತು, ಜೂನ್ ಬಂದರೂ ಒಂದು ಮೊಗ್ಗಿಲ್ಲ.

ಗಿಡ ಸೊರಗಿದ್ದರೆ ಅರ್ಥವಾಗುತ್ತಿತ್ತು. ಆದರೆ ಎಲೆ ನೋಡಿದರೆ ದೃಷ್ಟಿ ತಾಗಬೇಕು, ಅಷ್ಟು ಕಡುಹಸಿರು, ಮಂಡಿಗಿಂತ ಎತ್ತರ. ಎರಡು ವಾರಕ್ಕೊಮ್ಮೆ ಹುಲ್ಲುಹಾಸಿಗೆ ಹಾಕುವ ಗೊಬ್ಬರವನ್ನೇ ಇದಕ್ಕೂ ಒಂದು ಹಿಡಿ ಹಾಕುತ್ತೇನೆ. ಬುಡಕ್ಕೆ ಒಣಗಿದ ತೊಗಟೆ ಚೂರಿನ ಹೊದಿಕೆ ಇದೆ, ತೇವ ಆರದಿರಲಿ ಅಂತ. ಪಕ್ಕದಲ್ಲಿ ಒಂದು ಮರ ಇದೆ, ನೆಟ್ಟಾಗ ಚಿಕ್ಕದಿತ್ತು.

ಇನ್ನೊಂದು ಕಡೆ ಗೇಣುದ್ದದ ಪುಟ್ಟ ನೀಲಿ ಐರಿಸ್ ಕೂಡ ಇದೆ, ಈರುಳ್ಳಿ ತರದ ಗೆಡ್ಡೆಯದು. ಅದು ಒಂದೇ ಒಂದು ಫೆಬ್ರವರಿಯಲ್ಲಿ ಹೂ ಬಿಟ್ಟಿತು. ಆಮೇಲೆ ಬರೀ ಹುಲ್ಲಿನಂಥ ಎಲೆ.

ಅಸಲಿಗೆ ಐರಿಸ್ ಹೂ ಬಿಡುವುದು ಯಾವಾಗ? ಒಬ್ಬರು ಫೆಬ್ರವರಿ ಅನ್ನುತ್ತಾರೆ, ಇನ್ನೊಬ್ಬರು ಜುಲೈ ಅನ್ನುತ್ತಾರೆ. ನಾನು ಎಲೆ ನೋಡಿಕೊಂಡು ಎಲ್ಲಿಯವರೆಗೆ ಕಾಯಬೇಕು?

---

ಗೆಡ್ಡೆಗೆಣಸು:

ಇಬ್ಬರೂ ಸರಿಯಾಗಿಯೇ ಹೇಳಿದ್ದಾರೆ. ಐರಿಸ್ ಯಾವಾಗ ಹೂ ಬಿಡುತ್ತದೆ ಅಂತ ಕೇಳಿದರೆ ಯಾವ ಐರಿಸ್ ಅಂತಲೇ ಮೊದಲು ಕೇಳಬೇಕು, ಯಾಕೆಂದರೆ ಈ ಕುಲದಲ್ಲಿ ಹೆಚ್ಚುಕಡಿಮೆ 300 ಜಾತಿಗಳಿವೆ, ಅದರ ಮೇಲೆ ಲೆಕ್ಕವಿಲ್ಲದಷ್ಟು ಮಿಶ್ರತಳಿಗಳು.

ನಾನು ಹೇಳುವ ತಿಂಗಳುಗಳು ಉತ್ತರ ಗೋಳಾರ್ಧದ ಚಳಿ ಬೀಳುವ ಜಾಗಗಳಿಗೆ, ಅಲ್ಲಿ ಬೇಸಿಗೆ ಅಂದರೆ ಜೂನ್‌ನಿಂದ ಆಗಸ್ಟ್. ದಕ್ಷಿಣ ಗೋಳಾರ್ಧದವರು ಆರು ತಿಂಗಳು ಆಚೆಗೆ ಹಾಕಿಕೊಳ್ಳಿ. ಚಳಿಗಾಲ ಇನ್ನೂ ಮುಗಿಯದಿರುವಾಗಲೇ, ಫೆಬ್ರವರಿ ಮಾರ್ಚ್‌ನಲ್ಲಿ, ರೆಟಿಕ್ಯುಲಾಟಾ ಅನ್ನುವ ಪುಟ್ಟ ಗೆಡ್ಡೆಯ ಐರಿಸ್ ಬರುತ್ತದೆ. ನಿಮ್ಮ ನೀಲಿ ಅದೇ ಇರಬೇಕು. ಅದರ ಎಲೆಯನ್ನು ಎರಡು ಬೆರಳಿನ ನಡುವೆ ಉರುಳಿಸಿ ನೋಡಿ, ನಾಲ್ಕು ಮೂಲೆ ಸಿಕ್ಕಿದರೆ ಅದೇ. ಆಮೇಲೆ ಗಡ್ಡದ ಐರಿಸ್‌ಗಳ ಸರದಿ. ಅವುಗಳಲ್ಲಿ ಕುಳ್ಳಗಿರುವುದು ಮೊದಲು, ಎತ್ತರದ್ದು ಕೊನೆಗೆ: 20 ಸೆಂಟಿಮೀಟರ್ ಒಳಗಿನ ಕುಬ್ಜ ಜಾತಿ ಏಪ್ರಿಲ್‌ನಲ್ಲೇ ಶುರು, 70 ಸೆಂಟಿಮೀಟರ್ ದಾಟುವ ಎತ್ತರದವು ಮೇ ಕೊನೆ, ಜೂನ್ ಶುರು. ಎತ್ತರದವು ಮುಗಿಯುವ ಹೊತ್ತಿಗೆ ಸೈಬೀರಿಯನ್. ಕೊನೆಗೆ ಜೂನ್ ಜುಲೈನಲ್ಲಿ ತಟ್ಟೆಯಗಲದ ಜಪಾನಿ ಐರಿಸ್. ಒಂದೊಂದು ಹೂ ಬಾಳುವುದು ಎರಡು ಮೂರು ದಿನ ಅಷ್ಟೇ, ಆದರೆ ಒಂದು ದಂಟಿನಲ್ಲಿ ಹಲವು ಮೊಗ್ಗು ಇರುವುದರಿಂದ ಎರಡು ವಾರ ಕಾಣುತ್ತಿರುತ್ತದೆ.

ಕೆಲವು ಗಡ್ಡದ ತಳಿಗಳು ಬೇಸಿಗೆ ಕೊನೆಗೆ ಅಥವಾ ಅದರ ನಂತರ ಎರಡನೇ ಸಲ ಹೂ ಬಿಡುತ್ತವೆ. ಅವಕ್ಕೆ ಬೇಸಿಗೆಯಲ್ಲೂ ನೀರು, ಊಟ ಬೇಕು. ಕೊಟ್ಟರೂ ಎಲ್ಲ ಕಡೆ ಬಿಡುತ್ತವೆ ಅನ್ನುವ ಖಾತ್ರಿ ಇಲ್ಲ, ತಳಿಯ ಪಟ್ಟಿಯಲ್ಲಿ ಬರೆದಿರುವುದನ್ನು ನಂಬಿ ಕೂರಬೇಡಿ.

ನಿಮ್ಮದು ಎತ್ತರದ ಗಡ್ಡದ ಐರಿಸ್ ಅನ್ನಿಸುತ್ತದೆ. ಜೂನ್ ಮಧ್ಯ ದಾಟಿದರೆ ಈ ವರ್ಷಕ್ಕೆ ಕೈ ಬಿಡಿ.

---

ಬಿಸಿಲುಕೋಲು:

ಉದ್ದ ಬರೆಯಲು ಪುರುಸೊತ್ತಿಲ್ಲ. ಬುಡದ ತೊಗಟೆ ಚೂರನ್ನೆಲ್ಲ ಇವತ್ತೇ ಗುಡಿಸಿ ತೆಗೆಯಿರಿ. ಗಡ್ಡದ ಐರಿಸ್ ಗೆಡ್ಡೆ ಮಣ್ಣಿನ ಮೇಲೆ ಬೆನ್ನು ಕಾಣುವ ಹಾಗೆ ಮಲಗಿರಬೇಕು, ಬಿಸಿಲು ಕಾಯಿಸಬೇಕು. ನೀವು ಅದಕ್ಕೆ ಕಂಬಳಿ ಹೊದಿಸಿ ಮಲಗಿಸಿದ್ದೀರಿ. ದಿನಕ್ಕೆ 6 ಗಂಟೆಯಾದರೂ ನೇರ ಬಿಸಿಲು ಬೀಳುತ್ತದಾ? ಮರ ಚಿಕ್ಕದಿತ್ತು ಅಂದಿರಿ. ಈಗ ಎಷ್ಟಿದೆ ಅಂತ ಹೇಳಲೇ ಇಲ್ಲ, ಅಲ್ಲೇ ಇದೆ ಉತ್ತರ.

---

ಸಂಜೆಮಲ್ಲಿಗೆ:

ನಂಗೂ ಹೀಗೇ ಆಗಿತ್ತು. ಹೂ ಮುಗಿದ ತಕ್ಷಣ ಎಲೆಯನ್ನೆಲ್ಲ ಗೇಣುದ್ದಕ್ಕೆ ಕತ್ತರಿಸಿ ಬಿಡಿ, ಶಕ್ತಿಯೆಲ್ಲ ಎಲೆಗೆ ಹೋಗುವುದು ನಿಲ್ಲುತ್ತದೆ. ಜೊತೆಗೆ ಒಳ್ಳೆ ಗೊಬ್ಬರ ಜಾಸ್ತಿ ಕೊಡಿ, ಯೂರಿಯಾ ಆದರೂ ಪರವಾಗಿಲ್ಲ. ಗಿಡ ಹಸಿದಿರಬಹುದು.

---

ಮೊಳಕೆಮನೆ:

ಸಂಜೆಮಲ್ಲಿಗೆಯವರೇ, ಬೇಜಾರು ಮಾಡಿಕೊಳ್ಳಬೇಡಿ, ಎರಡೂ ಉಲ್ಟಾ ಸಲಹೆ. ಶಕ್ತಿ ಎಲೆಗೆ ಹೋಗುವುದಿಲ್ಲ, ಎಲೆಯಿಂದ ಬರುತ್ತದೆ. ಹೂ ಮುಗಿದ ಮೇಲಿನ ಎರಡು ಮೂರು ತಿಂಗಳಲ್ಲೇ ಆ ಎಲೆಗಳು ದುಡಿದು ಹೊಸ ಗೆಡ್ಡೆಗಳನ್ನು ದಪ್ಪ ಮಾಡುತ್ತವೆ. ಅಂಥ ಹೊತ್ತಿನಲ್ಲಿ ಕತ್ತರಿಸಿದರೆ ಮುಂದಿನ ವರ್ಷದ ಹೂವನ್ನು ಕತ್ತರಿಸಿದಂತೆಯೇ. ಎಲೆ ಮೊಟಕು ಮಾಡುವುದು ಗಿಡವನ್ನು ಕಿತ್ತು ಬೇರೆ ಕಡೆ ನೆಡುವಾಗ ಮಾತ್ರ, ಆಗ ಬೇರು ಕಡಿಮೆ ಇರುತ್ತದೆ, ಅಷ್ಟು ಎಲೆಗೆ ನೀರು ಒದಗಿಸಲಾಗುವುದಿಲ್ಲ ಅಂತ. ಒಣಗಿ ಕಂದಾದ ಎಲೆ ತೆಗೆಯಬಹುದು, ಹಸಿರು ಮುಟ್ಟಬೇಡಿ. ಯೂರಿಯಾ ಅಂದರೆ ಬರೀ ಸಾರಜನಕ. ಎಲೆ ಕಡುಹಸಿರಾಗಿ ಎತ್ತರವಾಗಿ ಬೆಳೆಯುತ್ತದೆ, ಹೂ ಬರುವುದಿಲ್ಲ, ಗೆಡ್ಡೆ ಮೆತ್ತಗಾಗಿ ಕೊಳೆಯುತ್ತದೆ. ಹುಲ್ಲುಹಾಸಿನ ಗೊಬ್ಬರವೂ ಅದೇ ಜಾತಿ, ಹುಲ್ಲಿಗೆ ಬೇಕಿರುವುದೇ ಎಲೆ ಅಲ್ವಾ. ಹಿತ್ತಲಗಿಡದವರು ತಮ್ಮ ಎಲೆ ನೋಡಿ ದೃಷ್ಟಿ ತಾಗಬೇಕು ಅಂದಾಗಲೇ ನನಗೆ ಅನುಮಾನ ಬಂತು.

ಆದರೆ ಮುಖ್ಯ ವಿಷಯ ಇದಲ್ಲ. ನೀವು ಕೊಟ್ಟ ಲೆಕ್ಕ ಇದೆಯಲ್ಲ, ಒಂದು, ನಾಲ್ಕು, ಹನ್ನೊಂದು, ಎರಡು, ಸೊನ್ನೆ, ಅದೇ ಇಡೀ ಕಥೆ ಹೇಳುತ್ತದೆ. ಎಣಿಸಿ ಬರೆದಿಟ್ಟಿದ್ದಕ್ಕೆ ನಿಮಗೊಂದು ನಮಸ್ಕಾರ.

ಗಡ್ಡದ ಐರಿಸ್‌ನ ಒಂದು ಗೆಡ್ಡೆ ಒಂದೇ ಒಂದು ಸಲ ಹೂ ಬಿಡುತ್ತದೆ. ಬಾಳೆ ಗಿಡ ಒಂದೇ ಗೊನೆ ಕೊಡುತ್ತದಲ್ಲ, ಹಾಗೆ. ಗೊನೆ ಕೊಟ್ಟ ಬಾಳೆಗೆ ಎಷ್ಟು ಗೊಬ್ಬರ ಸುರಿದರೂ ಇನ್ನೊಂದು ಗೊನೆ ಬರುವುದಿಲ್ಲ, ಬರುವುದು ಕಂದಿನಿಂದ. ಇಲ್ಲೂ ಅಷ್ಟೇ. ಹೂ ಬಿಟ್ಟ ತಾಯಿ ಗೆಡ್ಡೆಯ ಎರಡೂ ಮಗ್ಗುಲಲ್ಲಿ ಮರಿ ಗೆಡ್ಡೆಗಳು ಹೊರಡುತ್ತವೆ. ಒಂದು ಬೇಸಿಗೆ ಅವು ದಪ್ಪವಾಗಬೇಕು, ಆಮೇಲೆ ಒಂದು ಚಳಿಗಾಲ ಕಳೆಯಬೇಕು, ಆಗ ಮುಂದಿನ ವರ್ಷ ಅವುಗಳ ಹೂ. ತಾಯಿ ಗೆಡ್ಡೆ ಸಾಯುವುದಿಲ್ಲ, ಎಲೆಯಿಲ್ಲದೆ ಸುಮ್ನೆ ಅಲ್ಲೇ ಕೂತಿರುತ್ತದೆ, ಮಕ್ಕಳಿಗೆ ಉಣಿಸುತ್ತ. ಅಂದರೆ ಈ ವರ್ಷ ಹೂ ಬರುತ್ತದೋ ಇಲ್ಲವೋ ಅನ್ನುವುದು ಬಹುಪಾಲು ಹೋದ ವರ್ಷದ ಬೇಸಿಗೆಯಲ್ಲೇ ತೀರ್ಮಾನ ಆಗಿರುತ್ತದೆ. ಮೇ ತಿಂಗಳಲ್ಲಿ ನಿಂತು ಎಲೆ ನೋಡಿ ಮಾಡುವಂಥದ್ದು ಏನೂ ಇಲ್ಲ.

ಈಗ ನಿಮ್ಮ ಲೆಕ್ಕಕ್ಕೆ ಬನ್ನಿ. ಮೊದಲ ವರ್ಷ ನಾಟಿಯ ಆಯಾಸ, ಐದರಲ್ಲಿ ಒಂದೇ ಬಿಟ್ಟಿತು, ಅದು ಮಾಮೂಲಿ. ಎರಡನೇ ವರ್ಷ ಉಳಿದ ನಾಲ್ಕು. ಮೂರನೇ ವರ್ಷ ಅವುಗಳ ಮರಿಗಳು. ಆ ಹನ್ನೊಂದು ಹೂ ಬಿಟ್ಟ ಬೇಸಿಗೆಯಲ್ಲಿ ಹನ್ನೊಂದೂ ಮರಿ ಹಾಕಿರುತ್ತವೆ, ಎರಡೆರಡು ಅಂದುಕೊಂಡರೂ ಇಪ್ಪತ್ತೆರಡು. ಅವುಗಳ ಕೆಳಗೆ ಎಲೆಯಿಲ್ಲದ ಹಳೇ ಗೆಡ್ಡೆಗಳ ರಾಶಿ. ಜಾಗ ಎಷ್ಟಿತ್ತು? ಅಷ್ಟೇ ಜಾಗ. ಒಂದರ ಮೇಲೊಂದು ಹತ್ತಿ ಕೂತಿರುತ್ತವೆ, ಯಾವುದಕ್ಕೂ ದಪ್ಪವಾಗಲು ಬೇಕಾದ ಮಣ್ಣಿಲ್ಲ, ಬಿಸಿಲಿಲ್ಲ. ಎಲೆ ಬಿಡಲು ಸಣ್ಣ ಗೆಡ್ಡೆ ಸಾಕು, ಹೂ ಬಿಡಲು ಸಾಲದು. ಅದಕ್ಕೇ ಗಡ್ಡದ ಐರಿಸನ್ನು ಮೂರು ನಾಲ್ಕು ವರ್ಷಕ್ಕೊಮ್ಮೆ ಕಿತ್ತು ಬಿಡಿಸಿ ನೆಡುವುದು. ನಿಮ್ಮದು ಐದಾಯಿತು. ಅದರ ಮೇಲೆ ಹೊದಿಕೆ, ಅದರ ಮೇಲೆ ಸಾರಜನಕ, ಪಕ್ಕದಲ್ಲಿ ಮರ. ಒಂದೇ ತಪ್ಪಾಗಿದ್ದರೆ ಎರಡೋ ಮೂರೋ ಹೂವಾದರೂ ಬರುತ್ತಿತ್ತು.

ಕಿತ್ತು ನೋಡಿ, ಏನು ಕಂಡಿತು ಅಂತ ಬರೆಯಿರಿ. ಈಗ ಬೇಡ, ಹೂ ಬಿಡುವ ಕಾಲ ಮುಗಿದು ನಾಲ್ಕಾರು ವಾರ ಕಳೆಯಲಿ.

---

ಅಡಿಕೆಗರಿ:

ಮೊಳಕೆಮನೆಯವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ, ಇದನ್ನೆಲ್ಲ ಸೈಬೀರಿಯನ್ ಅಥವಾ ಜಪಾನಿ ಐರಿಸ್‌ಗೆ ಅನ್ವಯಿಸಿ ಕೆಡಿಸಿಕೊಳ್ಳಬೇಡಿ. ನಾನು ಕೆಡಿಸಿಕೊಂಡವನು. ಸೈಬೀರಿಯನ್ ಗೆಡ್ಡೆಯನ್ನು ಗಡ್ಡದ್ದರ ಹಾಗೆ ಮೇಲೆ ಕಾಣಿಸುವಂತೆ ನೆಟ್ಟು, ಹೊದಿಕೆ ಇಲ್ಲದೆ ಬೇಸಿಗೆಯಲ್ಲಿ ಒಣಗಿಸಿ, ಎರಡು ವರ್ಷಕ್ಕೊಮ್ಮೆ ಕಿತ್ತು ಬಿಡಿಸಿ, ಹೂ ಯಾಕೆ ಬರುತ್ತಿಲ್ಲ ಅಂತ ಬೈದುಕೊಂಡಿದ್ದೆ. ಅದಕ್ಕೆ ಮಣ್ಣಿನೊಳಗೆ 3ರಿಂದ 5 ಸೆಂಟಿಮೀಟರ್ ಆಳ ಬೇಕು, ತೇವ ಬೇಕು, ಹೊದಿಕೆ ಇದ್ದರೆ ಇಷ್ಟ. ಎಬ್ಬಿಸಿದರೆ ಮುನಿಸಿಕೊಂಡು ಒಂದೆರಡು ವರ್ಷ ಹೂ ಬಿಡುವುದಿಲ್ಲ. ನಡುವೆ ಬೋಳಾಗಿ ಸುತ್ತ ಬಳೆಯ ಹಾಗೆ ಬೆಳೆದಾಗ ಮಾತ್ರ ಬಿಡಿಸಿ. ಜಪಾನಿಗೆ ಹುಳಿ ಮಣ್ಣು ಬೇಕು, ಸುಣ್ಣ ಸೋಕಿದರೆ ಎಲೆ ಹಳದಿ. ಗಡ್ಡದ್ದಕ್ಕೆ ಸುಣ್ಣದ ಮಣ್ಣು ಒಗ್ಗುತ್ತದೆ. ಒಂದೇ ಹೆಸರು, ಒಬ್ಬರಿಗೆ ಊಟ ಇನ್ನೊಬ್ಬರಿಗೆ ವಿಷ.

---

ಬೇಲಿಹೂ:

ನನ್ನ ಕಥೆ ಬೇರೆ, ಇದೂ ಯಾರಿಗಾದರೂ ಉಪಯೋಗ ಆಗಬಹುದು. ನಾನಿರುವಲ್ಲಿ ಚಳಿ ಅನ್ನುವುದೇ ಹೆಸರಿಗಷ್ಟೇ. ಬಿಸಿಲು ಬೇಕಾದಷ್ಟು, ಗೆಡ್ಡೆ ಮೇಲೆಯೇ ಇದೆ, ಗೊಬ್ಬರ ಹದವಾಗಿ ಹಾಕಿದೆ, ಗುಂಪಾಗಿಯೂ ಇಲ್ಲ. ನಾಲ್ಕು ವರ್ಷ ಒಂದು ಹೂ ಇಲ್ಲ. ಆಮೇಲೆ ಗೊತ್ತಾಯಿತು, ಬಹುಪಾಲು ಗಡ್ಡದ ತಳಿಗಳಿಗೆ ಚಳಿಗಾಲದಲ್ಲಿ ಕೆಲವು ವಾರ ಸರಿಯಾದ ಚಳಿ ತಾಗಲೇಬೇಕು, ಇಲ್ಲದಿದ್ದರೆ ಎಲೆ ಬಿಟ್ಟುಕೊಂಡೇ ಇರುತ್ತವೆ, ಹೂವಿನ ದಂಟು ಒಳಗೆ ಹುಟ್ಟುವುದೇ ಇಲ್ಲ. ಇದಕ್ಕೆ ತೋಟಗಾರ ಮಾಡುವಂಥದ್ದು ಏನೂ ಇಲ್ಲ ಅನ್ನಿ.

ಈಗ ಲೂಸಿಯಾನಾ ಐರಿಸ್ ಹಾಕಿದ್ದೇನೆ. ಅಮೆರಿಕದ ದಕ್ಷಿಣದ ಜೌಗು ನೆಲದ ಮೂಲದ್ದು, ಸೆಖೆ, ನೀರು ಎರಡೂ ತಡೆಯುತ್ತದೆ, ಚೆನ್ನಾಗಿ ಹೂ ಬಿಡುತ್ತದೆ. ಐರಿಸ್ಸೇ ಆಗಬೇಕು ಅನ್ನುವ ಹಟ ಇಲ್ಲದವರಿಗೆ ಅದೇ ಕುಟುಂಬದ ಡಯೆಟಿಸ್, ನಿಯೋಮರಿಕಾ ಇವೆ. ನಿಯೋಮರಿಕಾ ನೋಡಲು ಮಜಾ. ಹೂ ಒಂದೇ ದಿನ, ಆದರೆ ಹೂ ಉದುರಿದ ದಂಟಿನ ತುದಿಯಲ್ಲಿ ಮರಿ ಗಿಡ ಹುಟ್ಟಿ, ಭಾರಕ್ಕೆ ದಂಟು ಬಾಗಿ, ಮಣ್ಣು ತಾಗಿದ ಕಡೆ ಬೇರು ಬಿಡುತ್ತದೆ. ಹಾಗೆ ಹೆಜ್ಜೆ ಹಾಕುತ್ತ ಪಾತಿಯಿಂದ ಆಚೆ ಹೋಗುತ್ತದೆ.

---

ಗೆಡ್ಡೆಗೆಣಸು:

ಚಳಿ ಕಡಿಮೆಯಾದರೆ ಒಂದು ಕಷ್ಟ, ಹೊತ್ತಲ್ಲದ ಹೊತ್ತಲ್ಲಿ ಬಂದರೆ ಇನ್ನೊಂದು. ಮಾರ್ಚ್‌ನಲ್ಲಿ ಹತ್ತು ದಿನ ಬೆಚ್ಚಗಾಗಿ ಗಿಡ ಎದ್ದುಬಿಡುತ್ತದೆ, ಆಮೇಲೆ ಒಂದು ರಾತ್ರಿ ನೀರು ಹೆಪ್ಪುಗಟ್ಟುವಷ್ಟು ಚಳಿ. ಎಲೆಗೆ ಏನೂ ಆಗಿರುವುದಿಲ್ಲ, ಆದರೆ ಎಲೆಗಳ ನಡುವೆ ಅಡಗಿದ್ದ ಪುಟ್ಟ ಮೊಗ್ಗು ಸತ್ತಿರುತ್ತದೆ. ಹೊರಗೆ ಕಾಣುವುದೇ ಇಲ್ಲ. ಮೇನಲ್ಲಿ ನಾವು ಗೊಬ್ಬರವನ್ನು ಬೈಯುತ್ತೇವೆ. ಆ ವರ್ಷ ಅಕ್ಕಪಕ್ಕದವರ ಐರಿಸ್ ಕೂಡ ಬಂದಿಲ್ಲದಿದ್ದರೆ ಇದೇ ಕಾರಣ ಇರಬಹುದು.

ಪುಟ್ಟ ನೀಲಿ ಐರಿಸ್ ವಿಷಯ ಯಾರೂ ಮುಟ್ಟಲಿಲ್ಲ. ರೆಟಿಕ್ಯುಲಾಟಾ ಒಂದು ಸಲ ಹೂ ಬಿಟ್ಟ ಮೇಲೆ ಆ ಗೆಡ್ಡೆ ಒಡೆದು ಚೂರು ಚೂರು ಮರಿ ಗೆಡ್ಡೆಗಳಾಗುತ್ತದೆ. ಒಂದೊಂದೂ ಹೂ ಬಿಡುವ ಗಾತ್ರಕ್ಕೆ ಬರಲು ಎರಡು ಮೂರು ವರ್ಷ ಬೇಕು. ಅದಕ್ಕೇ ಹುಲ್ಲಿನಂಥ ಎಲೆ. 10 ಸೆಂಟಿಮೀಟರ್ ಆಳಕ್ಕೆ ನೆಟ್ಟರೆ ಒಡೆಯುವುದು ಸ್ವಲ್ಪ ಕಡಿಮೆ ಅನ್ನುತ್ತಾರೆ. ಎಲೆ ಹಸಿರಿರುವಾಗ ನೀರು, ತೆಳ್ಳಗೆ ಗೊಬ್ಬರ ಕೊಡಿ, ಎಲೆ ಒಣಗಿದ ಮೇಲೆ ಬೇಸಿಗೆಯಿಡೀ ಒಣ ಮಣ್ಣಿನಲ್ಲಿ ಬಿಡಿ. ಅಷ್ಟು ತಾಳ್ಮೆ ಇಲ್ಲದವರು ಪ್ರತಿ ವರ್ಷ ಹೊಸ ಗೆಡ್ಡೆ ನೆಡುತ್ತಾರೆ. ನಾನೂ ಅದೇ ಗುಂಪು, ನಾಚಿಕೆ ಏನಿಲ್ಲ.

ಹೂಗುಚ್ಛದಲ್ಲಿ ಕಾಣುವ ಡಚ್ ಐರಿಸ್ ಕೂಡ ಈರುಳ್ಳಿ ತರದ ಗೆಡ್ಡೆಯದೇ. ಅದರಲ್ಲಿ ಒಂದು ತಮಾಷೆ ಇದೆ. ಗೆಡ್ಡೆ ತೀರಾ ಸಣ್ಣದಾಗಿದ್ದರೆ ಮೂರೇ ಎಲೆ ಬಿಟ್ಟು ಸುಮ್ಮನಾಗುತ್ತದೆ, ಆ ವರ್ಷ ಹೂವಿಲ್ಲ. ಬೆಳೆಗಾರರು ಗೆಡ್ಡೆಗಳಿಗೆ ಹೊಗೆ ಹಾಕಿದರೆ ಸಣ್ಣ ಗೆಡ್ಡೆಗಳೂ ಹೂವಿಗೆ ತಿರುಗುತ್ತವೆ ಅನ್ನುವುದನ್ನು ಕಂಡುಕೊಂಡರು. ಹೊಗೆಯಲ್ಲಿರುವ ಎಥಿಲೀನ್ ಅನಿಲದ ಕೆಲಸ ಅದು, ಹೊಗೆಯಲ್ಲಿಟ್ಟ ಕಾಯಿ ಹಣ್ಣಾಗುವುದೂ ಅದರಿಂದಲೇ. ಮನೆಯಲ್ಲಿ ಪ್ರಯತ್ನಿಸಿ ಅಂತ ಹೇಳುತ್ತಿಲ್ಲ.

---

ಹಿತ್ತಲಗಿಡ:

ಏಳು ವಾರ ಬಿಟ್ಟು ಬರೆಯುತ್ತಿದ್ದೇನೆ. ನಿನ್ನೆ ಅಗೆದೆ.

ತೊಗಟೆ ಚೂರು ಕೊಳೆತು ಮಣ್ಣಾಗಿತ್ತು, ಐದು ವರ್ಷದಿಂದ ಹಾಕಿದ್ದೇ ಹಾಕಿದ್ದು. ಅದರ ಕೆಳಗೆ ನಾಲ್ಕು ಬೆರಳು ಆಳದಲ್ಲಿ ಗೆಡ್ಡೆ. ನಾನು ನೆಟ್ಟಾಗ ಮೇಲೆಯೇ ಇತ್ತು, ಆಣೆ ಮಾಡಿ ಹೇಳುತ್ತೇನೆ, ಗೆಡ್ಡೆ ಇಳಿಯಲಿಲ್ಲ, ನಾನೇ ನೆಲ ಏರಿಸಿದ್ದು. ಒಂದಕ್ಕೊಂದು ಹೆಣೆದುಕೊಂಡು ಚಾಪೆಯ ಹಾಗೆ ಎದ್ದು ಬಂತು, ಎತ್ತಲು ಇಬ್ಬರು ಬೇಕಾಯಿತು. ನಡುವೆ ಪೂರ್ತಿ ಎಲೆಯಿಲ್ಲದ ಸುಕ್ಕುಗಟ್ಟಿದ ಗೆಡ್ಡೆ, ಒಂದೊಂದರ ಮೇಲೂ ಹಳೇ ದಂಟಿನ ಗುರುತು ದುಂಡಗೆ ಕಾಣುತ್ತಿತ್ತು. ಎಣಿಸಿದೆ. ಹದಿನೇಳು ಸಿಕ್ಕಿತು, ಹದಿನೆಂಟು ಆಗಬೇಕಿತ್ತು! ಒಂದು ಕೊಳೆತು ಹೋಗಿರಬೇಕು, ಯಾಕೆಂದರೆ ಒಂದು ಮೂಲೆಯಲ್ಲಿ ಮೆತ್ತಗೆ ಅಂಟಂಟಾಗಿ ಭಯಂಕರ ವಾಸನೆ.

ಹೊಸ ಗೆಡ್ಡೆಗಳು ಸುಮಾರು ಮೂವತ್ತು. ಹೆಚ್ಚಿನವು ನನ್ನ ಕಿರುಬೆರಳಷ್ಟು. ಎಲೆ ಮಾತ್ರ ಮಂಡಿಯೆತ್ತರ.

ಮರದ ವಿಷಯ ಬಿಸಿಲುಕೋಲು ಕೇಳಿದ್ದರು. ಒಂದು ದಿನ ಕೂತು ನೋಡಿದೆ, ಬಿಸಿಲು ಬೆಳಿಗ್ಗೆ ಎರಡೂವರೆ ಗಂಟೆ, ಅಷ್ಟೇ. ಸೋತೆ.

ಈಗ ಪ್ರಶ್ನೆ: ಕೊಳೆತದ್ದನ್ನು ಏನು ಮಾಡಲಿ, ಹಳೇ ಗೆಡ್ಡೆ ಎಸೆಯಲಾ, ಮೂವತ್ತನ್ನೂ ನೆಡಲಾ?

---

ಮೊಳಕೆಮನೆ:

ಹದಿನೇಳು ಓದಿ ನಕ್ಕುಬಿಟ್ಟೆ, ಇಷ್ಟು ಚೆನ್ನಾಗಿ ಲೆಕ್ಕ ಸಿಗುವುದು ಅಪರೂಪ.

ವಾಸನೆ ಬರುವುದು ಬ್ಯಾಕ್ಟೀರಿಯಾದ ಕೊಳೆ ರೋಗ. ಗಾಯದ ಮೂಲಕ ಒಳಗೆ ಹೋಗುತ್ತದೆ, ತೇವದಲ್ಲಿ ಹರಡುತ್ತದೆ. ಮೆತ್ತಗಿರುವ ಭಾಗವನ್ನು ಗಟ್ಟಿ ಬಿಳಿ ತಿರುಳು ಸಿಗುವವರೆಗೂ ಕೆರೆದು ತೆಗೆಯಿರಿ, ಒಂದೆರಡು ದಿನ ಬಿಸಿಲಲ್ಲಿ ಒಣಗಿಸಿ. ಪ್ರತಿ ಸಲ ಕತ್ತರಿಸಿದ ಮೇಲೂ ಚಾಕುವನ್ನು ಬ್ಲೀಚ್ ಬೆರೆಸಿದ ನೀರಲ್ಲಿ ಅದ್ದಿ, ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು. ಗೆಡ್ಡೆಯೊಳಗೆ ಸುರಂಗ ಇದೆಯಾ, ಗುಲಾಬಿ ಬಣ್ಣದ ದಪ್ಪ ಹುಳು ಇದೆಯಾ ಅಂತಲೂ ನೋಡಿ. ಉತ್ತರ ಅಮೆರಿಕದಲ್ಲಿ ಐರಿಸ್ ಕೊರಕ ಅಂತ ಒಂದು ಪತಂಗ ಇದೆ. ಅದು ಚಳಿಗಾಲಕ್ಕೆ ಮುಂಚೆ ಒಣ ಎಲೆಯ ಮೇಲೆ ಮೊಟ್ಟೆ ಇಡುತ್ತದೆ. ಮರಿಹುಳು ಎಲೆ ಕೊರೆಯುತ್ತ ಗೆಡ್ಡೆಗೆ ಇಳಿಯುತ್ತದೆ, ಹೋಗುವ ದಾರಿಯಲ್ಲಿ ಮೊಗ್ಗು ಸಿಕ್ಕಿದರೆ ಅದನ್ನೂ ತಿನ್ನುತ್ತದೆ. ಅದು ಕೊರೆದ ಕಡೆಯೇ ಕೊಳೆ ಶುರು. ಅಲ್ಲಿರುವವರು ಒಣ ಎಲೆಯನ್ನೆಲ್ಲ ಚಳಿಗಾಲಕ್ಕೆ ಮೊದಲೇ ಬಳಿದು ತೆಗೆಯುವುದು ಇದಕ್ಕೇ.

ಹಳೇ ಗೆಡ್ಡೆ ಎಸೆಯಿರಿ. ಅದಕ್ಕೆ ಮರಿ ಅಂಟಿಕೊಂಡಿದ್ದರೆ ಮುರಿದುಕೊಂಡು ಎಸೆಯಿರಿ. ಮೂವತ್ತನ್ನೂ ಒಂದೇ ಪಾತಿಗೆ ತುರುಕಬೇಡಿ. ಹೆಬ್ಬೆರಳಿಗಿಂತ ದಪ್ಪ ಇರುವ, ಬೇರು ಚೆನ್ನಾಗಿರುವ ಎಂಟು ಹತ್ತು ಆರಿಸಿ, ಉಳಿದದ್ದು ಬೇಕಾದವರಿಗೆ ಕೊಡಿ. ಎಲೆಯನ್ನು ಗೇಣುದ್ದಕ್ಕೆ ಕತ್ತರಿಸಿ, ಈಗ ಕತ್ತರಿಸಬಹುದು. ಮಣ್ಣಿನಲ್ಲಿ ಒಂದು ಸಣ್ಣ ದಿಣ್ಣೆ ಮಾಡಿ ಗೆಡ್ಡೆಯನ್ನು ಅದರ ಮೇಲೆ ಕೂರಿಸಿ, ಬೇರನ್ನು ಎರಡೂ ಕಡೆ ಕೆಳಕ್ಕೆ ಹರಡಿ ಮಣ್ಣು ಒತ್ತಿ. ಒಂದರಿಂದ ಒಂದಕ್ಕೆ 30ರಿಂದ 45 ಸೆಂಟಿಮೀಟರ್. ಚಳಿ ಕಚ್ಚುವುದಕ್ಕೆ ಆರು ವಾರವಾದರೂ ಮುಂಚೆ ನೆಟ್ಟು ಮುಗಿಸಿ, ಬೇರು ಹಿಡಿಯಲು ಅಷ್ಟು ಸಮಯ ಬೇಕು. ಗೊಬ್ಬರ ಮುಂದಿನ ವಸಂತದ ಶುರುವಿನಲ್ಲಿ ಒಂದು ಸಲ, ಸಾರಜನಕ ಕಡಿಮೆ ಇರುವುದು. ಹೂ ಮುಗಿದು ಒಂದು ತಿಂಗಳಿಗೆ ಇನ್ನೊಂದು ಸಲ. ಅಷ್ಟೇ, ಎರಡು ವಾರಕ್ಕೊಮ್ಮೆ ಅಲ್ಲ!

ಜಾಗ ಬದಲಿಸಿ. ಮರ ಅಲ್ಲಿಂದ ಏಳುವುದಿಲ್ಲ.

ಮುಂದಿನ ವರ್ಷ ಹೂ ಬಂದರೆ ಅದೃಷ್ಟ, ಬರದಿದ್ದರೆ ಮತ್ತೆ ಕೀಳಬೇಡಿ. ಗೆಡ್ಡೆ ಸಣ್ಣದಿತ್ತು ಅಂತ ನೀವೇ ಬರೆದಿದ್ದೀರಿ.

---

ಸಂಜೆಮಲ್ಲಿಗೆ:

ಓದುತ್ತ ಓದುತ್ತ ನನ್ನ ಗಿಡದ ಹತ್ತಿರ ಹೋಗಿ ಬಂದೆ. ಹೋದ ವರ್ಷ ಎಲೆ ಕತ್ತರಿಸಿದ ಮೇಲೆ ಹೂ ಬಂತು ಅಂತ ನಂಬಿದ್ದೆ. ಈಗ ನೆನಪಾಯಿತು, ಅದೇ ವರ್ಷ ಪಕ್ಕದ ದೊಡ್ಡ ಕೊಂಬೆಯನ್ನೂ ಕಡಿಸಿದ್ದೆ.

ಉಳಿದ ಇಪ್ಪತ್ತರಲ್ಲಿ ನನಗೆ ನಾಲ್ಕು ಸಿಗುತ್ತದಾ?

---

ಹಿತ್ತಲಗಿಡ:

ಸಿಗುತ್ತದೆ, ಆದರೆ ಕತ್ತರಿ ಬಚ್ಚಿಟ್ಟ ಮೇಲೆ.